ಇಪ್ಪತ್ನಾಲ್ಕಲ್ಲ, ಮೂವತ್ತು

ಕೋಕಿಲಾ,

ಸ್ಕಂದನನ್ನ ಶಿಶುವಿಹಾರಕ್ಕೆ ಬಿಟ್ಟು ಹಾಗೇ ಲ್ಯಾಬಿಗೆ ಹೋಗ್ತೀನಿ. ಉಪ್ಪಿಟ್ಟು ಬಾಣಲೆಯಲ್ಲಿದೆ. ಖಾರ ಜಾಸ್ತಿ ಆಗಿದೆ, ಬೈಬೇಡ. ಹೊರಗೆ ಐಸ್ ಜಾರ್ತಿದೆ, ಮೊಳೆ ಇರೋ ಬೂಟೇ ಹಾಕ್ಕೊಂಡು ಹೋಗು.

ಇವತ್ತು ನಗರಸಭೆ ಕೆಲಸದ ಇಂಟರ್‌ವ್ಯೂನಲ್ಲಿ ಈಗಿನ ಸಂಬಳ ಎಷ್ಟು ಅಂತ ಕೇಳಿದರೆ ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ ಕ್ರೋನಾ ಅನ್ನಬೇಡ ಮಾರಾಯ್ತಿ. ಅರ್ಜಿಯಲ್ಲೂ ಹಾಗೇ ಬರೆದಿದೀಯ, ಅದನ್ನೂ ತಿದ್ದಿ ಹೇಳು. ನಿನ್ನ ಸ್ಕೂಲಿನವರು ಪಾಠ ಇರೋ ವಾರಗಳನ್ನ ಲೆಕ್ಕ ಹಾಕಿ, ವರ್ಷದ ಎಂಬತ್ತು ಪರ್ಸೆಂಟಿಗೆ ಮಾತ್ರ ಸಂಬಳ ಕೊಡ್ತಾರೆ. ಅದನ್ನೇ ಹನ್ನೆರಡು ತಿಂಗಳಿಗೂ ಹಂಚ್ತಾರೆ. ಇಪ್ಪತ್ನಾಲ್ಕನ್ನ ಎಂಬತ್ತರಿಂದ ಭಾಗಿಸಿ ನೂರರಿಂದ ಗುಣಿಸು, ಮೂವತ್ತು ಬರುತ್ತೆ. ಈ ಹೊಸ ಕೆಲಸ ವರ್ಷಪೂರ್ತಿದು, ಆದ್ದರಿಂದ ಮೂವತ್ತು ಸಾವಿರ ಅಂತಲೇ ಹೇಳು. ಗಟ್ಟಿಯಾಗಿ ಹೇಳು.

ಈ ಲೆಕ್ಕ ಮಾಡ್ತಾ ನಂಗೆ ಇನ್ನೊಂದು ವಿಷಯ ಹೊಳೀತು. ಹೋದ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಂದ ಇಲ್ಲಿ ಉಮೆಯೊಗೆ ಬಂದಾಗ, ಎಂಟು ವಾರ ಮೂರು ಹೊತ್ತೂ ನೀನೇ ಬೇಯಿಸಿ ಹಾಕಿದೆ. ನಾನು ಅವರ ಮುಂದೆ, "ಇವಳಿಗೇನು, ಸಂಬಳದ ರಜೆ!" ಅಂತ ನಕ್ಕಿದ್ದೆ. ನೀನು ಚಪಾತಿ ಲಟ್ಟಿಸ್ತಾ ಇದ್ದೆ. ಆ ಎಂಟು ವಾರಕ್ಕೆ ನಿಂಗೆ ಬಿಡಿಗಾಸೂ ಸಂಬಳ ಇರಲಿಲ್ಲ, ಆಗ ಕೈಗೆ ಬಂದಿದ್ದು ಪಾಠದ ವಾರಗಳಲ್ಲಿ ನೀನು ದುಡಿದಿದ್ದೇ. ಅದು ನಂಗೆ ಗೊತ್ತಾಗಿದ್ದು ನಿನ್ನೆ.

ಇವತ್ತು ಕೆಲಸ ಸಿಗಲಿ, ಬಿಡಲಿ, ಜುಲೈ ಪೂರ್ತಿ ನಾನು ರಜೆ ಹಾಕಿದೀನಿ. ಅಮ್ಮಂಗೆ ಫೋನ್ ಮಾಡಿ ಹೇಳಿದೀನಿ, ಈ ಸಲ ಅವರು ಬಂದಾಗ ಲಟ್ಟಣಿಗೆ ನನ್ನ ಕೈಲಿರುತ್ತೆ ಅಂತ. ಖಾರ ಜಾಸ್ತಿ ಆದರೆ ಅವರು ನನ್ನನ್ನೇ ಬೈಯಲಿ.

ರಾಜು