ಅಕ್ಕನ ಮನೆ ಬಳಸಿ ಹೋದ ಗೆರೆ

ಮಾರ್ಚ್ 3, ಬೆಳಿಗ್ಗೆ 10.20
ಪೆನ್ಸಿಲ್ ಚೂಪು ಮಾಡಿದೆ. ಬೋರ್ಡಿನಲ್ಲಿ ಕ್ಷೇತ್ರ ಪುನರ್ವಿಂಗಡಣಾ ಕಚೇರಿ. ನನ್ನ ಪ್ರಕಾರ ಪುನರ್‌ನುಂಗಡಣಾ ಕಚೇರಿ. ಗೆರೆ ಎಳೆಯುವುದು ನನ್ನ ಕೆಲಸ, ಎಲ್ಲಿ ಅನ್ನುವುದು ಸಾಹೇಬರದು.
ಗೋಡೆಯ ಮೇಲೆ ನಮ್ಮ ಕ್ಷೇತ್ರದ ಮೂರು ನಕ್ಷೆ. ಮೊದಲನೆಯದು ತಲೆದಿಂಬು—ಶಾಸಕರು ವಕೀಲರು. ಎರಡನೆಯದು ಕಾಲುಚೀಲ—ವಕೀಲರ ಮಗ. ಮೂರನೆಯದು ಕುಳಿತ ನಾಯಿ—ಮಗನ ಹೆಂಡತಿ, ಈಗಿನ ಶಾಸಕಿ. ವಿರೋಧ ಮತ ಹಾಕಿದ ಬೀದಿಗಳು ಪ್ರತಿ ಸಲವೂ ಪಕ್ಕದ ಕ್ಷೇತ್ರಕ್ಕೆ ಜಾರಿವೆ. ನಲವತ್ತೆರಡು ವರ್ಷ... ಆಕಾರ ಮೂರು, ಅಡುಗೆಮನೆ ಒಂದೇ.

ಮಾರ್ಚ್ 5
ಅಕ್ಕ ಈ ಸಲ ಚುನಾವಣೆಗೆ ನಿಲ್ಲುತ್ತಾಳಂತೆ. ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವಳು.
"ಅರ್ಧ ಊರಿನ ಕಿವಿ ನಾನೇ ಹಿಂಡಿದೀನಿ. ನಂಗೆ ವೋಟು ಹಾಕದೆ ಎಲ್ಲಿಗೆ ಹೋಗ್ತಾರೆ?"
ಅಂಚೆ ಕಚೇರಿಯಿಂದ ನಿವೃತ್ತರಾದ ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಹಿಂಡಿಸಿಕೊಂಡವರೂ ಅದನ್ನೇ ಕಾಯ್ತಿರ್ತಾರೆ."
ನಕ್ಕೆವು.

ಮಾರ್ಚ್ 11, ಮಧ್ಯಾಹ್ನ 3
ಹೊಸ ಕರಡು. ಗೆರೆ ಅಕ್ಕನ ಬೀದಿಯ ಹಿಂದೆ ನೆಟ್ಟಗೆ ಬಂದು, ಒಂದೇ ಒಂದು ಮನೆಯ ಹತ್ತಿರ ಸೊಂಟ ಬಳುಕಿಸಿ ಅದನ್ನು ಹೊರಗೆ ದೂಡಿ, ಮತ್ತೆ ನೆಟ್ಟಗೆ. ಆ ಮನೆ ಅಕ್ಕನದು. ಈ ಸಲದ ಹೊಸ ನಿಯಮ: ಕ್ಷೇತ್ರದೊಳಗೆ ಮನೆ ಇಲ್ಲದವರು ನಿಲ್ಲುವಂತಿಲ್ಲ.
"ಸರ್, ಇದೇನು ಬಳುಕು?"
"ಅರ್ಜಿ ಬಂದಿದೆ. ಎಳೀರಿ."
"ಯಾರದು?"
"ನಿಮ್ಮ ಕೈಲಿರೋದು ಪೆನ್ನೋ, ಭೂತಗನ್ನಡಿನೋ?"
ಎಳೆದೆ.

ಮಾರ್ಚ್ 12
ಕರಡು ನೋಟಿಸ್ ಬೋರ್ಡಿಗೆ ಬಿತ್ತು. ಹತ್ತು ನಿಮಿಷಕ್ಕೆ ಅಕ್ಕನ ಫೋನು. ಯಾರೋ ಅರ್ಜಿ ಕೊಟ್ಟಿದ್ದಾರೆ ಎಂದೆ. "ನಿನ್ನ ಆಫೀಸಲ್ಲೇ ಯಾರೋ ಇದಾರೆ ಕಣೋ. ಹುಡುಕು."
ಆಕ್ಷೇಪಣೆಗೆ ಕೊನೆಯ ದಿನ 21, ಸಂಜೆ ಐದು.
ಎಲ್ಲರ ಮೇಲೂ ಅನುಮಾನ. ಸಾಹೇಬರು ಶಿಳ್ಳೆ ಹಾಕುತ್ತಾ ಬಂದರು—ಯಾಕೆ? ಟೈಪಿಸ್ಟಮ್ಮ ಎರಡು ಸಲ ಕಾಫಿ ಕೊಟ್ಟರು—ಯಾಕೆ ಎರಡು?

ಮಾರ್ಚ್ 18, ಬೆಳಿಗ್ಗೆ 11
ಸಾಹೇಬರು ಮೀಟಿಂಗಿಗೆ. ಫೈಲು ತೆಗೆದೆ.
"ನೀರಿನ ಪೈಪು ಪಕ್ಕದ ಕ್ಷೇತ್ರದಿಂದ ಬರುವುದರಿಂದ ಸದರಿ ಮನೆಯೂ ಅಲ್ಲಿಗೇ ಸೇರತಕ್ಕದ್ದು. ಇಂತಿ, ಓರ್ವ ನಿವಾಸಿ."
ಹೆಸರಿಲ್ಲ. ಬೇಕಾಗಿಯೂ ಇಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ನನ್ನ ಮದುವೆಯ ಮುನ್ನೂರು ಲಕೋಟೆಗಳ ಮೇಲೆ ವಿಳಾಸ ಬರೆದ ಅಕ್ಷರ.
ಭಾವ.

ಮಾರ್ಚ್ 19, ಸಂಜೆ
ಲೈಬ್ರರಿಯಲ್ಲಿ ಹಿಡಿದೆ. ಅಲ್ಲಗಳೆಯಲೂ ಇಲ್ಲ.
"ಸೋತರೆ ಅವಳು ಹಾಸಿಗೆ ಹಿಡೀತಾಳೆ ಕಣಪ್ಪ."
"ಗೆದ್ದರೆ?"
"ಗೆದ್ದರೆ ಮನೆಗೇ ಬರಲ್ಲ."
"ಇಷ್ಟೇನಾ ಭಾವ?"
"ಇಷ್ಟು ಸಾಲದಾ?"
ನಂಬಲೇ? ಅವರ ಮನೆ ಮುಂದಿನ ಬೀದಿದೀಪ ಎಂಟು ವರ್ಷದಿಂದ ಸತ್ತಿತ್ತು. ಕಳೆದ ವಾರ ದಿಢೀರನೆ ಜೀವ ಬಂದಿದೆ. ಹಾಕಿಸಿದ್ದು ಯಾರು...
ಅಕ್ಕನಿಗೆ ಹೇಳಿದರೆ ಅವಳ ಸಂಸಾರಕ್ಕೆ ಗೆರೆ ಎಳೆದಂತೆ. ಹೇಳದಿದ್ದರೆ ಅವಳ ಹೆಸರಿನ ಮೇಲೆ.

ಮಾರ್ಚ್ 21, ಸಂಜೆ 6.10
4.40ಕ್ಕೆ ಬಂದಳು. ಕೈಯಲ್ಲಿ ಆಕ್ಷೇಪಣೆ ಫಾರಂ. ಹಿಂದೆ ಅವಳ ಚೀಲ ಹಿಡಿದು ಭಾವ.
"ಆ ಅರ್ಜಿ ತೋರಿಸು. ನೋಡೋ ಹಕ್ಕಿದೆ ನಂಗೆ. ನೋಡದೆ ಆಕ್ಷೇಪಣೆ ಬರೆಯೋಕಾಗಲ್ಲ."
"ಸಾಹೇಬರು ಬರಲಿ ಅಕ್ಕಾ..."
"ಐದಕ್ಕೆ ಮುಗೀತು. ಸಾಹೇಬರು ಐದೂ ಒಂದಕ್ಕೆ ಬರ್ತಾರೆ." ನನ್ನ ಮುಖವನ್ನೇ ನೋಡಿದಳು. ಉತ್ತರಪತ್ರಿಕೆ ನೋಡುವ ನೋಟ. "ಯಾಕೋ ಹೀಗೆ ಬೆವರ್ತಿದೀಯ? ನೀನೇನಾ ಬರೆದಿದ್ದು?"
ಭಾವನತ್ತ ನೋಡಿದೆ. ಭಾವ ಕಿಟಕಿಯತ್ತ ನೋಡಿದರು.
"ಹೇಳೋ. ನನ್ನ ತಮ್ಮನೇನಾ?"
ಫೈಲು ತೆಗೆದು ಮೇಜಿನ ಮೇಲಿಟ್ಟೆ. ಅಕ್ಕ ಕನ್ನಡಕ ಏರಿಸಿದಳು. ಮೊದಲ ಸಾಲು ಓದಿದಳು. ಎರಡನೆಯದಕ್ಕೆ ಹೋಗಲೇ ಇಲ್ಲ. ಹಾಳೆ ಮುಚ್ಚಿ, ಹಿಂದೆ ತಿರುಗದೆಯೇ, ತುಂಬ ಮೆಲ್ಲಗೆ ಭಾವನಿಗೆ ಹೇಳಿದಳು: "ರೀ, ಆಕ್ಷೇಪಣೆನೂ ನೀವೇ ಬರೀರಿ. ಇದೇ ಅಕ್ಷರದಲ್ಲಿ."