ಕಾಲುವೆ ಮೇಲಿನ ಬೆಸುಗೆ

ಮಾರ್ಚ್ 3, ಸೋಮವಾರ

ಅಕ್ಷರ ಕೋಳಿ ಕೆದರಿದ ಹಾಗಿವೆ. ಒತ್ತು ಎಲ್ಲಿ ಕೊಡಬೇಕೋ ಮರೆತಿದೆ, ನಾಲ್ಕನೇ ಕ್ಲಾಸಿಗೇ ಶಾಲೆ ಮುಗಿಯಿತು. ತಪ್ಪಿದ್ದರೆ ಕ್ಷಮೆ ಇರಲಿ... ಯಾರೂ ಓದುವುದಿಲ್ಲ, ಆದರೂ.

ಇವತ್ತೂ ಪೈಪಿಗೆ ಬಣ್ಣ. ಕಾಲುವೆ ದಾಟುವ ಕಡೆ ಮಾತ್ರ ಎಣ್ಣೆ ಪೈಪು ನೆಲದ ಮೇಲಿದೆ. ಅಣ್ಣ ವೆಲ್ಡರ್, ಅವನ ಹಿಂದೆ ಬ್ರಷ್ ಹಿಡಿದು ನಾನು. ಬೆಸುಗೆಗಳನ್ನು ಬಿಟ್ಟು ಬಳಿಯಬೇಕು. ಪೈಪಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತಾರೆ. ಒಸರಿದರೆ ಬರಿ ಕಬ್ಬಿಣದ ಮೇಲೆ ಕಾಣಬೇಕಲ್ಲ, ಅದಕ್ಕೆ.

ಮಾರ್ಚ್ 6

ಭಾನುವಾರ ಮಂತ್ರಿ ಬರುತ್ತಾರಂತೆ. ಕಂಪನಿಯ ಖರ್ಚಿನಲ್ಲಿ ಅರ್ಧ ಸರ್ಕಾರದ್ದು. ಚುನಾವಣೆ ಹತ್ತಿರ, ಜನರಿಗೆ ಕಾಣಬೇಕು. ಬೆಸುಗೆಗೂ ಬಣ್ಣ ಬಳಿ ಎಂದ ಮೇಸ್ತ್ರಿ.

"ನೀರಿನ ಪರೀಕ್ಷೆ ಇನ್ನೂ ಆಗಿಲ್ವಲ್ಲ?" ಅಂದ ಅಣ್ಣ.

"ಮದುವೆ ಹೆಣ್ಣಿಗೆ ಅರ್ಧ ಮುಖಕ್ಕೆ ಪೌಡರ್ ಹಾಕ್ತಾರೇನಯ್ಯ? ನೀನು ಬಳಿಯಮ್ಮ."

ಎಲ್ಲರೂ ನಕ್ಕರು. ತಲೆ ತಗ್ಗಿಸಿ ಬಳಿದೆ.

ಮಾರ್ಚ್ 8

ನೀರು ತುಂಬಿದರು. ಒಸರು ಕಾಣಲಿಲ್ಲ. ಬಣ್ಣದ ಕೆಳಗೆ ಎಲ್ಲಿಂದ ಕಾಣುತ್ತದೆ? ಒತ್ತಡದ ಮೀಟರಿನ ಮುಳ್ಳು ಸ್ವಲ್ಪ ಇಳಿಯಿತು — ಸಂಜೆಯ ತಂಪಿಗೆ ಅಂದರು ಎಂಜಿನಿಯರ್. ಪಾಸ್.

ಮಾರ್ಚ್ 9

ಸಭೆ. ಕೆಲಸಗಾರರ ಪರವಾಗಿ ಎರಡು ಮಾತಾಡು ಎಂದು ಅಣ್ಣನನ್ನು ವೇದಿಕೆ ಹತ್ತಿಸಿದರು. 'ಈ ಪೈಪು ನಮ್ಮ ಅನ್ನ' ಎಂದು ಹೇಳಿಕೊಟ್ಟಿದ್ದರು. ಅವನು ಹೇಳಿದ್ದು ಬೇರೆ.

"ಸ್ವಾಮಿ, ಕಾಲುವೆ ಮೇಲಿನ ಬೆಸುಗೆ ಇನ್ನೊಂದ್ಸಲ ನೋಡ್ಸಿ. ಬಣ್ಣ ತೆಗ್ಸಿ ನೋಡ್ಸಿ. ಆ ನೀರು ನಾವೇ ಕುಡಿಯೋದು."

ಮೈಕ್ ಬಂದ್. ಚಪ್ಪಾಳೆ ತಟ್ಟಿದ್ದು ವಿರೋಧ ಪಕ್ಷದವರು ಮಾತ್ರ. ಮಂತ್ರಿ ವಾಲ್ವಿನ ಚಕ್ರ ತಿರುಗಿಸಿದರು, ಎಣ್ಣೆ ಬಿಟ್ಟರು. ಸಂಜೆಗೆ ಅಣ್ಣನ ಕೆಲಸ ಹೋಯಿತು.

"ನಿಮ್ಮಣ್ಣನ ಬಾಯಿಗೂ ಒಂದು ಬೆಸುಗೆ ಹಾಕ್ಬೇಕಿತ್ತು," ಅಂದ ಮೇಸ್ತ್ರಿ.

ಏಪ್ರಿಲ್ 11

ಕಾಲುವೆ ಕಪ್ಪಗಾಗಿದೆ. ಅದೇ ಬೆಸುಗೆ. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಕೊಡ ಹಿಡಿದು ಹೋದ ಅತ್ತಿಗೆ ಖಾಲಿ ಕೊಡದೊಂದಿಗೇ ಬಂದರು. ಅನ್ನದಲ್ಲೂ ಎಣ್ಣೆ ವಾಸನೆ.

ಏಪ್ರಿಲ್ 13

ಅಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋದರು. ಎಲ್ಲಿ ಸೋರುತ್ತದೆ ಎಂದು ಮೊದಲೇ ಹೇಳಿದ್ದನಲ್ಲ — ಹಾಗಾದರೆ ಅವನೇ ಒಡೆದದ್ದಂತೆ. ಕೆಲಸ ಹೋದ ಸಿಟ್ಟಿಗೆ.

ಮೇ 2

ಸರ್ಕಾರ ಬದಲಾಯಿತು. ಅಂದು ಚಪ್ಪಾಳೆ ತಟ್ಟಿದವರೇ ಈಗ ಮಂತ್ರಿಗಳು. ಅತ್ತಿಗೆ, ನಾನು ಹೋಗಿ ಹೊಸ ಮಂತ್ರಿಯ ಬಾಗಿಲಲ್ಲಿ ಕಾದೆವು.

"ಪೈಪ್‌ಲೈನ್ ನಿಲ್ಸೋಕಾಗಲ್ಲಮ್ಮ, ಈಗ ನಾವೂ ದುಡ್ಡು ಕೊಡ್ತಿದೀವಿ. ನಿಮ್ಮ ಯಜಮಾನ್ರ ವಿಷಯ ಕೋರ್ಟ್ ನೋಡ್ಕೊಳ್ಳುತ್ತೆ."

ಹೊರಗೆ ಬಂದು ಅತ್ತಿಗೆ ಅಂದರು, "ಹಾವು ಹೋಗಿ ಹಲ್ಲಿ ಬಂತು ಅಂದ್ಕೊಂಡಿದ್ವಿ. ಇದೂ ಹಾವೇ ಕಣೆ."

ಮೇ 4

ಪರೀಕ್ಷೆಗೆ ಮೊದಲೇ ಬಣ್ಣ ಬಳಿಸಿದರು ಎಂದು ಒಬ್ಬರು ಸಾಕ್ಷಿ ಹೇಳಿದರೆ ಅಣ್ಣ ಹೊರಗೆ ಬರಬಹುದು ಅಂದರು ವಕೀಲರು. ಮೇಸ್ತ್ರಿಗೆ ಹೊಸ ಕಂಟ್ರಾಕ್ಟ್ ಸಿಕ್ಕಿದೆ, ಅವನೂ ಅವನ ಆಳುಗಳೂ ಬಾಯಿ ಬಿಡುವುದಿಲ್ಲ. ಉಳಿದವಳು ನಾನು. ಅಂಗಡಿಯಲ್ಲಿ ಉಪ್ಪು ಕೇಳಲಿಕ್ಕೂ ಸ್ವರ ಬರದವಳು. ಜಡ್ಜ್ ಮುಂದೆ... ಅಷ್ಟು ಗಂಡಸರ ಮುಂದೆ...

ಮೇ 5

ಇವತ್ತೇ ಕೋರ್ಟ್. ಬೆಳಿಗ್ಗೆ ಒಲೆ ಹತ್ತಿರ ನಿಂತು ಸಾಕ್ಷಿ ಹೇಳಿ ನೋಡಿದೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

"ಕೇಳಿಸ್ಲಿಲ್ಲ."

ಮತ್ತೆ ಹೇಳಿದೆ. ಅವರು ಹೊಸಿಲು ದಾಟಿ ಬೀದಿಗೆ ಇಳಿದರು.

"ಈಗ ಹೇಳು."

ಹೇಳಿದೆ. ಎದುರು ಮನೆಯವರು ತಿರುಗಿ ನೋಡಿದರು. ಅತ್ತಿಗೆ ಇನ್ನೂ ದೂರ ಹೋದರು, ನಾನು ಇನ್ನೂ ಗಟ್ಟಿಯಾಗಿ ಹೇಳಿದೆ.