ಗೋಡೆಗೆ ಮುಖ ಮಾಡಿದ ಕ್ಲಿಪ್ಪು

ಗ್ಯಾರೇಜಿನ ಮೇಲಿನ ಕೋಣೆಯಿಂದ
ಹನ್ನೆರಡನೇ ತಾರೀಕು, ಭಾನುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ,

ಹೆಬ್ಬೆರಳು ಈಗ ಎಷ್ಟು ಬಾಗುತ್ತದೆ? ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ನೀವು ಮೊಮ್ಮಗನಿಗೆ ಆಡಲು ಕೊಟ್ಟುಬಿಟ್ಟಿದ್ದೀರಿ ಎಂದು ಮಗಳು ಚಾಡಿ ಹೇಳಿದಳು. ಇಸಿದುಕೊಳ್ಳಿ. ಅತ್ತರೆ ಅಳಲಿ, ಅವನಿಗೆ ಬೇರೆ ಚೆಂಡು ಸಿಗುತ್ತದೆ. ರಾತ್ರಿ ಹೊಲಿಗೆಯ ಜಾಗ ಸೆಳೆಯುತ್ತಿದೆಯೇ, ಊಟಕ್ಕೆ ಚಮಚ ಹಿಡಿಯುತ್ತೀರೋ ಇನ್ನೂ ಎಡಗೈಯಲ್ಲೇ ಒದ್ದಾಡುತ್ತೀರೋ, ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ ನಿಮ್ಮಿಂದ 'ಹೂಂ' ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೆ ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ಕೆಳಗಿನ ನಮ್ಮ ರಿಪೇರಿ ಶೆಡ್ಡಿನ ವಿಷಯಕ್ಕೆ ಬರುತ್ತೇನೆ. ಈ ತಿಂಗಳು ಮುಗಿಯುವುದರೊಳಗೆ ಅದನ್ನು ಎದುರು ಗ್ಯಾರೇಜಿನ ಭಾವನಿಗೆ ಬಿಟ್ಟುಕೊಡುವ ಮಾತಾಡಿ ಹೋಗಿದ್ದೀರಿ. ಮಗಳ ಮನೆಗೆ ಹೊರಟಾಗ ಬಸ್ಸಿನ ಕಿಟಕಿಯಿಂದ 'ಈ ಕೈಯಲ್ಲಿ ಇನ್ನು ಸ್ಪ್ಯಾನರ್ ಹಿಡಿಯೋಕಾಗಲ್ಲ ಕಣೇ' ಎಂದಿರಿ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಆವತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನೀವು ರಕ್ತ ಸೋರುವ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಾಗ, ಗಿರಾಕಿಗಳ ಎದುರಿಗೇ ನಿಮ್ಮ ಈ ಷಡ್ಡಕ ಆಡಿದ ಮಾತನ್ನು ನಾನು ಮರೆತಿಲ್ಲ: 'ಕೈಲಾಗದೋರು ಕೈ ಹಾಕಿದ್ರೆ ಹೀಗೇ ಆಗೋದು. ನನ್ನ ಹತ್ರ ಕಳಿಸಬೇಕಿತ್ತು.' ನೀವು ಮರೆತಿರಬಹುದು, ನಿಮ್ಮದು ದೇವರಂಥ ಸ್ವಭಾವ. ನನ್ನದಲ್ಲ. ನಿಮ್ಮ ಬೆರಳು ಕೊಯ್ದ ಆ ಹೋಸ್ ಕ್ಲಿಪ್ಪನ್ನು ಒರೆಸಿ ಒಲೆಯ ಮೇಲಿನ ಮೊಳೆಗೆ ನೇತುಹಾಕಿದ್ದೇನೆ. ದಿನಾ ಬೆಳಿಗ್ಗೆ ಅದರ ಮುಖ ನೋಡಿಯೇ ಚಹಾಕ್ಕೆ ನೀರಿಡುತ್ತೇನೆ.

ಹಾಗೆ ದಿನವೂ ನೋಡುತ್ತಿದ್ದದ್ದರಿಂದಲೇ ಒಂದು ಸಂಶಯ ಬಂತು. ಅದು ಸ್ಪ್ರಿಂಗ್ ಪಟ್ಟಿಯ ಕ್ಲಿಪ್ಪು. ಎರಡು ಕಿವಿಗಳನ್ನು ಒತ್ತಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ರೇಡಿಯೇಟರಿನ ರಬ್ಬರ್ ಹೋಸನ್ನು ಕಚ್ಚಿಕೊಳ್ಳುತ್ತದೆ. ಕಂಪನಿಯವರು ಅದರ ಕಿವಿಗಳನ್ನು ಕೈಗೆ ಸಿಗುವ ಹಾಗೆ ಹೊರಮುಖವಾಗಿಯೇ ಇಡುತ್ತಾರೆ. ಆವತ್ತಿನ ಕಾರಿನಲ್ಲಿ ಕಿವಿಗಳು ಎಂಜಿನ್ ಹಿಂದಿನ ಗೋಡೆಗೆ ಮುಖ ಮಾಡಿದ್ದವು. ಕಣ್ಣಿಗೆ ಕಾಣದ್ದನ್ನು ನೀವು ಉದ್ದ ಮೂತಿಯ ಇಕ್ಕಳದಲ್ಲಿ ತಡಕಾಡಿ ಹಿಡಿದಿರಿ, ಅದು ಜಾರಿತು. ನೀವು ಕಿತ್ತ ಹಳೆಯ ಹೋಸು ಮೂಲೆಯಲ್ಲೇ ಬಿದ್ದಿತ್ತು, ತೆಗೆದು ನೋಡಿದೆ. ರಬ್ಬರಿನ ಮೇಲೆ ಕ್ಲಿಪ್ಪಿನ ಎರಡು ಅಚ್ಚುಗಳಿದ್ದವು. ಆಳವಾದ ಹಳೆಯ ಅಚ್ಚು ಹೊರಮುಖ, ಮೇಲುಮೇಲಿನ ಹೊಸದು ಒಳಮುಖ. ಅಂದರೆ ಯಾರೋ ಬಿಚ್ಚಿ, ಬೇಕೆಂದೇ ತಿರುಗಿಸಿ ಹಾಕಿದ್ದಾರೆ. ಆ ಕಾರು ನಮ್ಮಲ್ಲಿಗೆ ಬರುವ ಮೊದಲು ಎಲ್ಲಿತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ಹೋದ ಮೇಲೆ ಶೆಡ್ಡು ನಾನೇ ನೋಡಿಕೊಳ್ಳುತ್ತಿದ್ದೇನಲ್ಲ, ಎದುರು ಗ್ಯಾರೇಜಿನಿಂದ ಬಂದ ಪ್ರತಿ ಕಾರಿನ ಬಾನೆಟ್ ಎತ್ತಿದಾಗಲೂ ಮೊದಲು ಅದನ್ನೇ ನೋಡಿದೆ. ಒಂದೂ ತಪ್ಪಿಲ್ಲ, ಎಲ್ಲ ಕ್ಲಿಪ್ಪುಗಳೂ ಮುನಿಸಿಕೊಂಡ ಮಕ್ಕಳ ಹಾಗೆ ಗೋಡೆ ಕಡೆ ತಿರುಗಿ ಕೂತಿದ್ದವು. ಬೇರೆಯವರು ಬಿಚ್ಚಲಾರದೆ ಗಿರಾಕಿ ಮತ್ತೆ ತನ್ನ ಬಾಗಿಲಿಗೇ ಬರಲಿ ಎಂಬ ಉಪಾಯ. ನಿಮ್ಮ ಬೆರಳು ಕೊಯ್ಯಲಿ ಎಂದು ಮಾಡಿದ್ದಲ್ಲ, ಅಷ್ಟು ನನಗೂ ಗೊತ್ತು. ಆದರೆ ಕೊಯ್ದ ಮೇಲೆ ಆಡಿದ ಮಾತು ಗೊತ್ತಿದ್ದೇ ಆಡಿದ್ದು.

ಜಗಳಕ್ಕೆ ಹೋಗಲಿಲ್ಲ. ಹೋದರೆ ಅಕ್ಕ ಅಳುತ್ತಾಳೆ, ಭಾವ ನಗುತ್ತಾರೆ, ಕ್ಲಿಪ್ಪು ಅಲ್ಲೇ ಇರುತ್ತದೆ. ಅದನ್ನು ಬಿಚ್ಚುವ ಸಾಮಾನು ಹುಡುಕುವುದೇ ಸರಿ ಎನ್ನಿಸಿತು. ನಿಮ್ಮ ಪೆಟ್ಟಿಗೆಯಲ್ಲಿದ್ದ ಇಕ್ಕಳಗಳನ್ನೆಲ್ಲ ಹಿತ್ತಲಿನಲ್ಲಿ ನಿಂತಿರುವ ಆ ಕೆಟ್ಟ ಕಾರಿನ ಮೇಲೆ ಪ್ರಯೋಗ ಮಾಡಿದೆ. ಉದ್ದ ಮೂತಿಯದು ಜಾರಿತು. ಪೈಪು ಹಿಡಿಯುವುದರ ಬಾಯಿ ದಪ್ಪ, ಒಳಗೆ ನುಗ್ಗಲೇ ಇಲ್ಲ. ಸ್ಕ್ರೂಡ್ರೈವರಿನಿಂದ ಮೀಟಲು ಹೋಗಿ ಹೋಸು ತೂತಾಯಿತು (ಕೆಟ್ಟ ಕಾರಿನದು, ಬಯ್ಯಬೇಡಿ). ಬಿಡಿಭಾಗದ ಅಂಗಡಿಯವನನ್ನು ಕೇಳಿದರೆ ಅವನು ನಕ್ಕ. 'ಇಕ್ಕಳ ಯಾಕಮ್ಮಾ, ಬ್ಲೇಡ್ ಸಾಕಲ್ಲ? ನಿಮ್ಮ ಭಾವ ಹೋಸ್ ಕುಯ್ದು ಬಿಸಾಕಿ ಹೊಸದು ಹಾಕ್ತಾರೆ. ನಂಗೂ ವ್ಯಾಪಾರ' ಎಂದ. ಆಗ ಗೊತ್ತಾಯಿತು ನೋಡಿ, ತಾನು ತಿರುಗಿಸಿಟ್ಟ ಕ್ಲಿಪ್ಪನ್ನು ಬಿಚ್ಚಲು ಆ ಮಹರಾಯನಿಗೂ ಬರುವುದಿಲ್ಲ.

ಕೊನೆಗೆ ಸಿಕ್ಕಿದ್ದು ರೈಲ್ವೆ ಗೇಟಿನ ಹತ್ತಿರದ ಹಳೇ ಸಾಮಾನಿನ ಅಂಗಡಿಯಲ್ಲಿ, ಸೈಕಲ್ ಚೈನುಗಳ ರಾಶಿಯ ಕೆಳಗೆ. ಒಂದು ತುದಿಯಲ್ಲಿ ಇಕ್ಕಳದ ಹಿಡಿ, ನಡುವೆ ಮೊಳದುದ್ದದ ಬಾಗುವ ಕೇಬಲ್, ಇನ್ನೊಂದು ತುದಿಯಲ್ಲಿ ಗುಬ್ಬಿ ಕೊಕ್ಕಿನಷ್ಟು ಚಿಕ್ಕ ಎರಡು ದವಡೆ. ಅಂಗಡಿಯಾಕೆ ಟೈರಿನ ಮೇಲೆ ಕೂತು 'ಅದು ಬ್ರೇಕಿಂದು, ಅರ್ಧ ಕಳೆದುಹೋಗಿದೆ, ಬೇರೆ ತಗೋಳಿ' ಎಂದಳು. ನನಗೆ ಉಳಿದಿದ್ದ ಆ ಅರ್ಧವೇ ಬೇಕಾಗಿತ್ತು. ದವಡೆಯನ್ನು ಎಲ್ಲಿಗೆ ಬೇಕಾದರೂ ಬಾಗಿಸಿ ಕಿವಿಗೆ ಕಚ್ಚಿಸಿ, ಹಿಡಿಯನ್ನು ಮಾತ್ರ ಹೊರಗೆ ನಿಂತು ಒತ್ತಿದರಾಯಿತು. ಒಂದೇ ಸಲ ಬಲ ಹಾಕಬೇಕಾಗಿಲ್ಲ. ಒಂದೊಂದು ಹಲ್ಲಾಗಿ ಬಿಗಿಯುತ್ತ ಹೋಗಿ ಅಲ್ಲೇ ಲಾಕ್ ಆಗುತ್ತದೆ. ನಡುವೆ ಕೈಬಿಟ್ಟು ಚಹಾ ಕುಡಿದು ಬಂದರೂ ಕ್ಲಿಪ್ಪು ಬಾಯಿ ತೆರೆದುಕೊಂಡೇ ಇರುತ್ತದೆ. ನಾನು ನಿಜವಾಗಿಯೂ ಕುಡಿದು ಬಂದು ನೋಡಿದೆ.

ಆಮೇಲಿನದು ಸಂತೋಷದ ಕೆಲಸ. ಭಾವನ ಗ್ಯಾರೇಜಿನಿಂದ ಬಂದ ಕಾರುಗಳ ಕ್ಲಿಪ್ಪುಗಳನ್ನು ಬಿಚ್ಚಿ, ಹೊರಮುಖ ಮಾಡಿ ಹಾಕಿ, ಕಿವಿಗಳಿಗೆ ಕೆಂಪು ಉಗುರುಬಣ್ಣ ಹಚ್ಚಿ ಕಳಿಸುತ್ತಿದ್ದೇನೆ. ಮಗಳು ಬಿಟ್ಟುಹೋದ ಶೀಶೆ ಕೊನೆಗೂ ಉಪಯೋಗಕ್ಕೆ ಬಂತು. ಸದಾ ಹಾರ್ನ್ ಹೊಡೆಯುವ ಆ ಟ್ಯಾಕ್ಸಿಯವನು 'ಏನಕ್ಕಾ, ಕ್ಲಿಪ್ಪಿಗೂ ಶೃಂಗಾರನಾ?' ಎಂದ. 'ಯಾರು ಯಾವ ಕಡೆ ತಿರುಗಿಸ್ತಾರೆ ಅಂತ ಕಾಣಲಿ ಅಂತ' ಎಂದೆ. ಅವನಿಗೆ ಹೇಳಿದರೆ ಪೇಪರಿನಲ್ಲಿ ಹಾಕಿಸುವ ಖರ್ಚು ಉಳಿಯುತ್ತದೆ. ಸಂಜೆಯೊಳಗೆ ಟ್ಯಾಕ್ಸಿ ನಿಲ್ದಾಣದಲ್ಲಿ ಎಲ್ಲರೂ ಬಾನೆಟ್ ಎತ್ತಿ ನೋಡಿಕೊಳ್ಳುತ್ತಿದ್ದರಂತೆ.

ಈಗ ಕೇಳಿ. ಗುರುವಾರ ಭಾವನ ಸ್ವಂತ ಕಾರಿನ ರೇಡಿಯೇಟರ್ ಸೋರಿತು. ಅದನ್ನು ಇಳಿಸಲು ಹೋಸು ಕೊಯ್ಯೋಣ ಎಂದರೆ ಆ ಹಳೇ ಮಾಡೆಲ್ಲಿನ ಹೋಸು ಈಗ ಬರುವುದೇ ಇಲ್ಲ. ಕೊಯ್ಯದೆ ಬಿಚ್ಚಲು ಗೊತ್ತಿಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ನಮ್ಮ ಶೆಡ್ಡಿಗೆ ತಂದರು. ಅಕ್ಕನೂ ಜೊತೆಗಿದ್ದಳು, ಟ್ಯಾಕ್ಸಿಯವನೂ ಇದ್ದ, ನನ್ನ ಅದೃಷ್ಟ. ಬಾನೆಟ್ ಎತ್ತಿದೆ. ಎಲ್ಲ ಕ್ಲಿಪ್ಪೂ ಗೋಡೆ ಕಡೆ. 'ಅಯ್ಯೋ ಭಾವ, ನಿಮಗೆ ಯಾರು ಹೀಗೆ ಮಾಡಿದ್ದು?' ಎಂದೆ. ಅವರು ಛಾವಣಿ ನೋಡಿದರು. ಅಕ್ಕ, ಪಾಪ, ಸಹಾಯ ಮಾಡುವವಳ ಹಾಗೆ, 'ಬೇರೆ ಯಾರೂ ಮುಟ್ಟಿಲ್ಲ ಕಣೇ. ಇವರೇ ಕೂತು ಹಾಕಿದ್ದು, ನಾನೇ ಟಾರ್ಚ್ ಹಿಡಿದಿದ್ದೆ' ಎಂದಳು. ಕೈಗೆ ಅಭ್ಯಾಸವಾಗಿಬಿಟ್ಟರೆ ಅದು ತನ್ನದು ಪರರದು ಎಂದು ನೋಡುವುದಿಲ್ಲ. ಟ್ಯಾಕ್ಸಿಯವನು ಹೊರಗೆ ಹೋಗಿ ನಕ್ಕು ಬಂದ. ಭಾವ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಕಾದಿಟ್ಟಿದ್ದ ಮಾತನ್ನು ಆಗ ಮೆತ್ತಗೆ ಹೇಳಿದೆ: 'ಕೈಲಾಗದೋರು ಕೈ ಹಾಕಿದ್ರೆ ಹೀಗೇ ಆಗೋದು ಭಾವ. ಮೊದಲೇ ನಮ್ಮ ಹತ್ರ ಕಳಿಸಬೇಕಿತ್ತು.' ಆ ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ಮೊಳೆಯ ಮೇಲಿನ ಕ್ಲಿಪ್ಪನ್ನು ಮಾತ್ರ ಇನ್ನೂ ಇಳಿಸಿಲ್ಲ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಮೊಮ್ಮಗನಿಗೆ ಒಂದು ಮುತ್ತು, ಚೆಂಡು ಇಸಿದುಕೊಂಡ ಮೇಲೆ.

ನಿಮ್ಮ ಟಾರ್ಚ್ ಹಿಡಿಯುವವಳು

ಬರೆಯಲು ಮರೆತದ್ದು: ಭಾವನ ಕಾರು ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ರೇಡಿಯೇಟರ್ ಸರಿಮಾಡಿ ಕೂರಿಸಿದ್ದೇನೆ, ಮೇಲಿನ ಹೋಸೂ ಹಾಕಿದ್ದೇನೆ. ಕೆಳಗಿನ ಹೋಸನ್ನು ಸಿಕ್ಕಿಸಿ, ಅದರ ಕ್ಲಿಪ್ಪನ್ನು ಇಕ್ಕಳದ ಬಾಯಲ್ಲಿ ತೆರೆದು ಲಾಕ್ ಮಾಡಿ ಹಾಗೇ ಬಿಟ್ಟಿದ್ದೇನೆ. ಲಾಕ್ ಬಿಡಿಸುವ ಗುಂಡಿ ಎಡಗೈ ಬೆರಳಿಗೂ ಸಿಗುತ್ತದೆ. ಅದನ್ನು ನೀವೇ ಬಂದು ಒತ್ತಬೇಕು, ಅವರ ಕಣ್ಣೆದುರಿಗೆ. ಆಮೇಲೆ ಶೆಡ್ಡು ಕೊಡುವುದೋ ಬಿಡುವುದೋ ನೀವೇ ಹೇಳಿ. 'ಮೆಕ್ಯಾನಿಕ್ಕು ಊರಲ್ಲಿಲ್ಲ' ಎಂದು ಭಾವನಿಗೆ ಹೇಳಿದ್ದೇನೆ. ಬೇಗ ಬನ್ನಿ ಎಂದು ಬರೆಯಲು ಕೂತಿದ್ದೆ. ಅಷ್ಟರಲ್ಲಿ ಕಿಟಕಿಯಿಂದ ನೋಡಿದರೆ ಭಾವ ಈ ಉರಿಬಿಸಿಲಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ನಡೆದು ಹೋಗುತ್ತಿದ್ದಾರೆ. ಒಂದೆರಡು ದಿನ ತಡವಾದರೂ ಪರವಾಗಿಲ್ಲ.